ಅಳಿಯನಿಗೆ ಬಿಸಿ ರೊಟ್ಟಿ

ಕಂಪ್ಲಿಯಲ್ಲಿ ನಾನು ಬೆಳೆದ ಮನೆಗೆ ಪಡಸಾಲೆ ಇತ್ತು, ದೇವರ ಕೋಣೆ ಇತ್ತು, ಕಾಳುಕಡಿ ತುಂಬುವ ಅಟ್ಟವೂ ಇತ್ತು. ಆದರೆ ಆ ಮನೆಯನ್ನು ನೆನೆದರೆ ಇವತ್ತಿಗೂ ಮೊದಲು ಕಣ್ಣಿಗೆ ಬರುವುದು ಅಡುಗೆಮನೆ. ಅದೇ ಎಲ್ಲಕ್ಕಿಂತ ದೊಡ್ಡ ಕೋಣೆ. ನೆಲಕ್ಕೆ ಬಂಡೆ ಹಾಸಿತ್ತು, ಬೇಸಿಗೆಯಲ್ಲೂ ಕಾಲಿಗೆ ತಣ್ಣಗೆ ತಾಗುತ್ತಿತ್ತು. ಊರ ತುಂಬ ಅಕ್ಕಿ ಗಿರಣಿಗಳಿದ್ದುದರಿಂದ ಬತ್ತದ ಹೊಟ್ಟಿಗೆ ಬರವಿರಲಿಲ್ಲ. ತಗಡಿನ ಡಬ್ಬಿಯ ನಡುವೆ ಒಂದು ಕೋಲು ನಿಲ್ಲಿಸಿ, ಸುತ್ತ ಹೊಟ್ಟನ್ನು ಗಟ್ಟಿಯಾಗಿ ತುಂಬಿ, ಕೋಲನ್ನು ಮೆಲ್ಲಗೆ ಎಳೆದುಕೊಂಡರೆ ಒಲೆ ಸಿದ್ಧ. ಒಮ್ಮೆ ಹತ್ತಿತೆಂದರೆ ಆ ಬೆಂಕಿ ಹೊಗೆಯಿಲ್ಲದೆ, ಸದ್ದಿಲ್ಲದೆ ಹೊತ್ತುಗಟ್ಟಲೆ ಉರಿಯುತ್ತಿತ್ತು. ಅದರ ಮುಂದೆ ಕೂತು ರೊಟ್ಟಿ ಬಡಿಯುವವಳು ಪಂಪಾವತಿ ಅತ್ತೆ, ನಮ್ಮಪ್ಪನ ತಂಗಿ. ಮನೆಯವರಿಗೆಲ್ಲ ಪಂಪಕ್ಕ, ನನಗೆ ಪಂಪತ್ತೆ. ಅವಳ ಕೈಯ ಸದ್ದಿನಿಂದಲೇ ನನಗೆ ಬೆಳಗಾಗುತ್ತಿತ್ತು. ಅವಳು ಮದುವೆಯಾಗಿ ಸಂಡೂರಿಗೆ ಹೋದ ಮೇಲೆ ಅಮ್ಮ ಬಡಿಯತೊಡಗಿದಳು. ಆ ಸದ್ದಿಗೆ ನಾನು ಎಚ್ಚರಾಗುತ್ತಿರಲಿಲ್ಲ ಎಂದು ಬೈಸಿಕೊಂಡಿದ್ದೇನೆ.

ಮನೆಯ ಹೊರಗಿನ ಕಟ್ಟೆ ಅಜ್ಜನದು. ಅಜ್ಜನಿಗೆ ನದಿಯಂಚಿನಲ್ಲಿ ಗದ್ದೆಯಿತ್ತು, ಬಾಳೆಯಿತ್ತು, ಆದರೆ ಊರು ಅವನನ್ನು ಗುರುತಿಸುತ್ತಿದ್ದುದು ನ್ಯಾಯ ಹೇಳುವವನೆಂದು. ಬದುವಿನ ಜಗಳ, ನೀರಿನ ಪಾಳಿಯ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ ಎಲ್ಲವೂ ಆ ಕಟ್ಟೆಗೆ ಬರುತ್ತಿದ್ದವು. ಅಜ್ಜ ಇಬ್ಬರ ಮಾತನ್ನೂ ಕೊನೆಯತನಕ ಕೇಳುತ್ತಿದ್ದ. ಯಾರಾದರೂ ಕೂಗಾಡಿ, ಅವನನ್ನೊಂದು ಕೈ ನೋಡಿಕೊಳ್ಳುತ್ತೇನೆ ಎಂದರೆ ಒಂದೇ ಮಾತು:

"ಸೇಡಿಗೆ ತಳ ಇಲ್ಲಪಾ. ಎಷ್ಟು ಹಾಕಿದ್ರೂ ತುಂಬಂಗಿಲ್ಲ. ರಾಜಿ ಆಗ್ರಿ."

ನಾನು ಕಟ್ಟೆಯ ಪಕ್ಕದಲ್ಲಿ ಆಡುತ್ತ ಈ ಮಾತನ್ನು ಎಷ್ಟು ಸಲ ಕೇಳಿದ್ದೆನೋ. ನನ್ನ ಗೊಂಬೆಗಳು ಜಗಳವಾಡಿದರೂ ರಾಜಿಯಾಗುತ್ತಿದ್ದವು.

ಒಂದು ಮಧ್ಯಾಹ್ನ ಪಂಪತ್ತೆ ಬಸ್ಸಿಳಿದು ಒಬ್ಬಳೇ ನಡೆದು ಬಂದಳು. ಬಲಗೈಗೆ ಎಳೆ ಬಾಳೆಲೆ ಸುತ್ತಿ, ಅದರ ಮೇಲೆ ಸೀರೆಯ ಚೂರು ಕಟ್ಟಿದ್ದರು. ಸಂಡೂರಿನಿಂದ ಹೊಸಪೇಟೆಗೆ ಒಂದು ಬಸ್ಸು, ಹೊಸಪೇಟೆಯಿಂದ ಕಂಪ್ಲಿಗೆ ಇನ್ನೊಂದು. ಅಷ್ಟು ದೂರವೂ ಆ ಕೈಯನ್ನು ಎದೆಗೆ ಎತ್ತಿ ಹಿಡಿದುಕೊಂಡೇ ಬಂದಿದ್ದಳು. ಅಜ್ಜಿ ಎಲೆ ಬಿಚ್ಚಿದಾಗ ನಾನು ಅಲ್ಲೇ ಇದ್ದೆ. ಅಂಗೈಯಿಡೀ ಬೆಂದು ಬಿಳುಚಿತ್ತು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತೆ ಅಳಲಿಲ್ಲ, ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದಳು:

"ಒಂದು ರೊಟ್ಟಿ ಹೊತ್ತಿತ್ತವ್ವಾ. ಬಾಜೂ ಮನಿಯಾಕಿ ಕೂಡ ಮಾತಾಡಕ್ಹತ್ತಿದ್ದೆ, ಲಕ್ಷ್ಯ ತಪ್ಪಿತು. ಅಂವ ಬಂದು ಕೈ ಹಿಡಿದು ಹಂಚಿಗೆ ಒತ್ತಿದ. 'ಸುಟ್ಟರ ಹೆಂಗಿರ್ತೈತಿ ಈಗ ಗೊತ್ತಾತೇನು' ಅಂದ."

ಅವನು ಎಂದರೆ ಕೊಟ್ರೇಶ ಮಾವ, ಅವಳ ಗಂಡ. ಸಂಡೂರಿನ ಗಣಿಯಲ್ಲಿ ಲಾರಿಗಳ ಮೇಲ್ವಿಚಾರಣೆ ಅವನ ಕೆಲಸ. ನಮ್ಮ ಮನೆಗೆ ಬಂದಾಗಲೆಲ್ಲ ನನಗೆ ಚುರುಮುರಿ ತರುತ್ತಿದ್ದ, ಹೆಗಲ ಮೇಲೆ ಕೂರಿಸಿಕೊಂಡು ನದಿಗೆ ಕರೆದೊಯ್ಯುತ್ತಿದ್ದ. ಆ ಮನುಷ್ಯನೂ ಈ ಅಂಗೈಯೂ ನನ್ನ ತಲೆಯಲ್ಲಿ ಒಂದಕ್ಕೊಂದು ಹೊಂದಲೇ ಇಲ್ಲ. ಅತ್ತೆ ಬೇರೆ ಯಾರ ಬಗ್ಗೆಯೋ ಹೇಳುತ್ತಿದ್ದಾಳೆ ಎಂದೇ ಒಂದೆರಡು ದಿನ ಅಂದುಕೊಂಡಿದ್ದೆ.

ಕೈ ಮಾಯುತ್ತ ಬಂದ ಹೊತ್ತಿಗೆ ರಾಜಿಯ ಮಾತು ಎದ್ದಿತು. ಎರಡೂ ಕಡೆಯ ಹಿರಿಯರು ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂತರು. ಕೊಟ್ರೇಶ ಮಾವ ಅಜ್ಜನ ಕಾಲಿಗೆ ಬಿದ್ದು, ಸಿಟ್ಟಿನ ಭರದಲ್ಲಿ ಆಯಿತು, ತಪ್ಪಾಯಿತು ಎಂದ. ಹಿರಿಯರು ತಲೆದೂಗಿದರು. ಬಾಗಿಲ ಮರೆಯಿಂದ ಅಜ್ಜಿ ದನಿ ಎತ್ತಿದಳು, ಅವಳು ಹಾಗೆ ನಡುವೆ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಆಕಿನ್ನೂ ಒಂದು ಮಾತು ಕೇಳ್ರಿ."

"ಆಕೀದೇನು ಕೇಳೋದು? ನಾನಿಲ್ಲೇನು?" ಎಂದ ಅಜ್ಜ.

ಅಷ್ಟಕ್ಕೆ ರಾಜಿಯಾಯಿತು. ಅಳಿಯ ಒಳ್ಳೆಯ ದಿನ ನೋಡಿ ಬರುವುದು, ಊಟ ಮಾಡುವುದು, ಹೆಂಡತಿಯನ್ನು ಕರೆದುಕೊಂಡು ಹೋಗುವುದು. ಅತ್ತೆ ಇಲ್ಲ ಎನ್ನಲಿಲ್ಲ. ಬದಲಿಗೆ ತಾನೇ ಅಡುಗೆ ಮಾಡುವುದಾಗಿ ಹೇಳಿದಳು. ಮನೆಯವರಿಗೆಲ್ಲ ಜೀವ ಬಂದಂತಾಯಿತು. ಅಮ್ಮ ಅವಳ ಪೆಟ್ಟಿಗೆಗೆ ಹೊಸ ಸೀರೆ ಇಟ್ಟಳು.

ಆ ದಿನ ಹೋಳಿಗೆ ಆಗಿತ್ತು, ಎಣ್ಣೆಗಾಯಿ ಬದನೆಕಾಯಿ ಆಗಿತ್ತು. ಅಪ್ಪ ಮೊಸರು ತರಲು ಪೇಟೆಗೆ ಹೋಗಿದ್ದ. ಅಜ್ಜ ಲಿಂಗಪೂಜೆಗೆ ಕೂತಿದ್ದ, ಅವನ ಪೂಜೆ ಬೇಗ ಮುಗಿಯುವಂಥದಲ್ಲ. ಅತ್ತೆ ಒಲೆಯ ಮುಂದಿನಿಂದಲೇ ಕರೆದಳು:

"ಅಳಿಯಂದ್ರು ಇಲ್ಲೇ ಒಲಿ ಮುಂದ ಕುಂದ್ರಲಿ. ಬಿಸಿ ರೊಟ್ಟಿ ಹಂಚಿನಿಂದ ತಾಟಿಗೆ ಬೀಳ್ತೈತಿ."

ಕೊಟ್ರೇಶ ಮಾವ ನಗುತ್ತ ಬಂದು ಮಣೆಯ ಮೇಲೆ ಕೂತ. ನಾನು ಎದುರಿಗೆ ನನ್ನ ಪುಟ್ಟ ತಾಟಿನೊಂದಿಗೆ ಕೂತಿದ್ದೆ. ಅಜ್ಜಿ ತುಪ್ಪ ಬಡಿಸುತ್ತಿದ್ದಳು. ಅವನು ಒಂದು ರೊಟ್ಟಿ ತಿಂದ, ಎರಡನೆಯದಕ್ಕೆ ಕೈ ಹಾಕಿದ. ರೊಟ್ಟಿ ಭಾಳ ಮೆತ್ತಗೈತಿ, ಕೈ ಮಾಯ್ದದ್ದು ಗೊತ್ತಾಗ್ತೈತಿ ಎಂದು ಹೊಗಳಿದ. ಎಡಗೈಯನ್ನು ಪಕ್ಕದ ಬಂಡೆಯ ಮೇಲೆ ಊರಿ, ಆರಾಮವಾಗಿ ವಾಲಿ ಕೂತಿದ್ದ. ಅತ್ತೆ ಅರಿವೆಯ ಸುರುಳಿಯಿಂದ ಹಂಚಿನ ಎರಡೂ ಕಿವಿ ಹಿಡಿದು ಒಲೆಯಿಂದ ಇಳಿಸಿದಳು. ಹೊಟ್ಟು ತುಂಬಿ ಬೇರೆ ಒಲೆ ಹಚ್ಚುತ್ತಾಳೇನೋ ಎಂದುಕೊಂಡೆ. ಅವಳು ಅದನ್ನು ತಂದು, ಮಗುಚಿ, ಅವನ ಎಡಗೈಯ ಮೇಲೆ ಇಟ್ಟು, ಅರಿವೆ ಹಿಡಿದ ಕೈಗಳಿಂದ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಒತ್ತಿ ಕೂತುಬಿಟ್ಟಳು.

ಅವನು ಕೂಗಿದ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಅದು ಮನುಷ್ಯನ ಕೂಗು ಎಂದು ತಿಳಿಯಲೇ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ಅವಳ ಕೂದಲು ಹಿಡಿದು ಎಳೆದ, ಬೆನ್ನಿಗೆ ಗುದ್ದಿದ, ಅವಳು ಅಲುಗಲಿಲ್ಲ. ಆದರೆ ನನ್ನನ್ನು ಕಲ್ಲು ಮಾಡಿದ್ದು ಅತ್ತೆಯಲ್ಲ, ಅಜ್ಜಿ. ಇರುವೆ ಸಾಲು ಕಂಡರೆ ನೀರು ಚೆಲ್ಲದೆ ಸುತ್ತುಹಾಕಿ ಹೋಗುವ ನಮ್ಮಜ್ಜಿ ತುಪ್ಪದ ಗಿಂಡಿಯನ್ನು ಸಾವಕಾಶ ಗೂಡಿನಲ್ಲಿಟ್ಟಳು, ಹೋಗಿ ಅಡುಗೆಮನೆಯ ಬಾಗಿಲು ಮುಚ್ಚಿ ಅಗುಳಿ ಹಾಕಿದಳು, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಹೊರಗೆ ಅಜ್ಜ, ಅಮ್ಮ ಬಾಗಿಲು ಬಡಿಯುತ್ತಿದ್ದರು. ಅತ್ತೆ ತಾನೇ ಹಂಚು ತೆಗೆದು ದೂರ ತಳ್ಳಿದ ಮೇಲೆಯೇ ಅಜ್ಜಿ ಬಾಗಿಲು ತೆರೆದಳು. ಆಮೇಲೆ ಆದದ್ದು ಇನ್ನೂ ವಿಚಿತ್ರ. ಅತ್ತೆ ತಂಬಿಗೆ ತುಂಬ ತಣ್ಣೀರು ತಂದು ಅವನ ಕೈಯ ಮೇಲೆ ಹನಿಹನಿಯಾಗಿ ಸುರಿಯತೊಡಗಿದಳು.

"ಅವತ್ತು ನನಗ ಯಾರೂ ನೀರು ಹಾಕಿದ್ದಿಲ್ಲ," ಎಂದಳು. "ಅಂವ ನನ್ನ ಕೈ ಎಷ್ಟು ಹೊತ್ತು ಹಿಡಿದಿದ್ನೋ ಅಷ್ಟ ಹೊತ್ತು ಹಿಡಿದೀನಿ ಅಪ್ಪಾ. ಹೆಚ್ಚಿಲ್ಲ, ಕಡಿಮಿ ಇಲ್ಲ. ಈಗ ರಾಜಿ ಆತು."

ಅಜ್ಜ ಹಣೆಯ ಹಸಿ ವಿಭೂತಿಯಲ್ಲೇ ಒಳಗೆ ಬಂದು ಅಳಿಯನನ್ನು ಎಬ್ಬಿಸಿ ಪಡಸಾಲೆಗೆ ಕರೆದೊಯ್ದ. ಆ ಸಂಜೆ ಅಜ್ಜ ಅಜ್ಜಿಯರ ನಡುವೆ ಆದ ಜಗಳವೇ ನಾನು ಕಂಡ ಅವರ ಮೊದಲನೆಯ ಜಗಳ.

"ಊರಿಗೆಲ್ಲ ನ್ಯಾಯ ಹೇಳೋ ಮನ್ಯಾಗ ಹಿಂಗಾತಲ್ಲ. ಕರೆದು ಉಣ್ಣಾಕ ಕೂರಿಸಿದ ಮನಿಷಾ ಅಂವ. ತಾಟಿನ ಮುಂದ ಕುಂತಿದ್ದ!" ಎಂದ ಅಜ್ಜ.

"ನನ್ನ ಮಗಳು ಏನು ರಸ್ತೆದಾಗ ನಿಂತಿದ್ದಳೇನು? ಆಕಿನೂ ಅವನ ಒಲಿ ಮುಂದ ಕುಂತಿದ್ದಳು."

"ಅಂವಗೂ ನಿಮ್ಮಿಬ್ಬರಿಗೂ ಏನು ಫರಕು ಉಳೀತು?"

"ನಿಮ್ಮ ರಾಜಿಯೊಳಗ ಆಕಿ ಕೈ ಎಲ್ಲಿತ್ತು, ಮೊದಲು ಅದನ್ನ ಹೇಳ್ರಿ."

ನನಗಂತೂ ತಿಂಗಳುಗಟ್ಟಲೆ ರೊಟ್ಟಿ ಇಳಿಯಲಿಲ್ಲ. ಅನ್ನ ಕಲಸಿ ಉಣ್ಣಿಸುತ್ತಿದ್ದರು. ಶಾಲೆಯಲ್ಲಿ ಯಾರಾದರೂ ಜೋರಾಗಿ ಕೂಗಿದರೆ ಚಡ್ಡಿ ಒದ್ದೆಯಾಗುತ್ತಿತ್ತು. ಆದರೂ ಅತ್ತೆಯ ಪಕ್ಕವೇ ಮಲಗುತ್ತಿದ್ದೆ. ಅವಳನ್ನು ಕಂಡರೆ ಭಯ, ಅವಳು ಬಿಟ್ಟು ಹೋದರೆ ಅದಕ್ಕಿಂತ ದೊಡ್ಡ ಭಯ.

ಕೊಟ್ರೇಶ ಮಾವ ಪೊಲೀಸರಿಗೆ ಹೋಗಲಿಲ್ಲ. ಹೆಂಡತಿಯಿಂದ ಸುಡಿಸಿಕೊಂಡೆ ಎಂದು ಗಂಡಸು ಯಾರ ಮುಂದೆ ಹೇಳಬೇಕು? ಲಾರಿಯ ಇಂಜಿನ್ನಿಗೆ ಕೈ ತಾಗಿತು ಎಂದು ಸಂಡೂರಿನಲ್ಲಿ ಹೇಳಿಕೊಂಡನಂತೆ. ನಾವೂ ಹೋಗಲಿಲ್ಲ. ಅವನು ಬಾಯಿ ಬಿಟ್ಟರೆ ನಮ್ಮ ಹುಡುಗಿ ಜೈಲಿಗೆ, ನಾವು ಬಾಯಿ ಬಿಟ್ಟರೆ ಅವನು ಜೈಲಿಗೆ. ಮುಂದೆ ಅತ್ತೆಯ ಪಾತ್ರೆ, ಪೆಟ್ಟಿಗೆ ಒಂದು ಟ್ರ್ಯಾಕ್ಟರಿನಲ್ಲಿ ಬಂದಿಳಿದವು. ಸಂಬಂಧ ಹರಿಯಿತು. ಋಣವಿರಲಿಲ್ಲ ಎಂದು ಊರಿಗೆ ಹೇಳಿದೆವು. ಅತ್ತೆ ಮತ್ತೆ ನಮ್ಮ ಒಲೆಯ ಮುಂದೆ ಕೂತಳು, ಹಾಡಿಕೊಳ್ಳುತ್ತ ರೊಟ್ಟಿ ಬಡಿದಳು. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಅವಳ ಮುಖ ಬೆಳಗುತ್ತಿತ್ತು. ಬೇರೆ ಬೇರೆ ಹೆಂಗಸರು, ಒಂದಿಷ್ಟು ಸುಳಿವು ಸಿಕ್ಕವರು, ಹಿತ್ತಲ ಬಾಗಿಲಿಂದ ಬಂದು ಅವಳ ಕೈ ಹಿಡಿದು ಹೋಗುತ್ತಿದ್ದರು.

ಈಗ ಹೊಸಪೇಟೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ದಿನಾ ಸಂಜೆ ಕಾಲುವೆಯ ಬದಿಯಲ್ಲಿ ನಡೆಯಲು ಹೋಗುತ್ತೇನೆ. ಜೊತೆಗೆ ಬರುವ ಗೆಳತಿಯರು ಮೊಬೈಲು ತೋರಿಸುತ್ತಾರೆ: ಎಲ್ಲೋ ಒಬ್ಬ ಪಾಪಿಯನ್ನು ಜನ ಹಿಡಿದು ಬಡಿದು ಹಾಕಿದ್ದಾರೆ, ಎಲ್ಲೋ ಸಿಹಿ ಹಂಚಿದ್ದಾರೆ. "ಕೋರ್ಟು ಕಚೇರಿ ಅಂತ ಕಾಯ್ದಿದ್ರ ಆಗ್ತಿತ್ತೇನು? ಸರಿಯಾಗೇ ಮಾಡ್ಯಾರ, ಅಲ್ಲೇನ್ರಿ ಮೇಡಂ?" ಎಂದು ಕೇಳುತ್ತಾರೆ. ತಪ್ಪು ಎನ್ನಲು ನನ್ನ ನಾಲಗೆ ಏಳುವುದಿಲ್ಲ. ಅತ್ತೆಯ ಅಂಗೈ ನೋಡಿದವಳು ನಾನು. ಸರಿ ಎನ್ನಲೂ ಏಳುವುದಿಲ್ಲ. ಅದಕ್ಕೆ ಕಾರಣ ಆ ಮಧ್ಯಾಹ್ನವಲ್ಲ, ಅದರ ನಂತರ ನಮ್ಮ ಪಡಸಾಲೆಯಲ್ಲಿ ನಡೆದದ್ದು.

ಸಂಡೂರಿನ ಆಚೆ ಬಂಡ್ರಿಯಿಂದ ಒಬ್ಬ ರೈತ ಬಂದಿದ್ದ. ತೊಳೆದು ನೀಲಿ ಹಾಕಿದ ಅಂಗಿ, ಕೈಯಲ್ಲಿ ಟೋಪಿ. ಮಗಳನ್ನು ಕೊಟ್ರೇಶನಿಗೆ ಕೇಳಿದ್ದರು. ಮೊದಲ ಸಂಬಂಧ ಈ ಮನೆಯದೆಂದು ತಿಳಿದು, ಕೊಡುವ ಮುಂಚೆ ಒಂದು ಮಾತು ಕೇಳಿ ಹೋಗೋಣ ಎಂದು ಅಷ್ಟು ದೂರ ಬಂದಿದ್ದ. ಕಂಪ್ಲಿಯಲ್ಲಿ ನ್ಯಾಯಸ್ಥರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ ಎಂದು ಭಕ್ತಿಯಿಂದ ಹೇಳಿದ.

"ಮನಿಷಾ ಹೆಂಗ್ರೀ ಯಜಮಾನ್ರ? ನಿಮ್ಮ ಬಾಯಿಂದ ಬಂದ್ರ ನನಗ ಸಮಾಧಾನ."

ಅಡುಗೆಮನೆಯ ಬಾಗಿಲಿಗೆ ಅತ್ತೆ ಬಂದು ನಿಂತಳು. ಅವಳ ತುಟಿ ಅಲುಗಿದ್ದು ನನಗೆ ಕಂಡಿತು. ಅಜ್ಜಿ ಅವಳ ರಟ್ಟೆ ಹಿಡಿದು, ಬೇಡ ಎಂಬಂತೆ ತಲೆಯಾಡಿಸಿದಳು. ಅವನು ಸುಟ್ಟ ಎಂದು ನಾವು ಹೇಳಿದರೆ ಕೊಟ್ರೇಶನೂ ತನ್ನ ಸುಟ್ಟ ಕೈ ತೋರಿಸುತ್ತಾನೆ. ಅದು ಅಲ್ಲಿದ್ದ ನಮಗೆಲ್ಲ ಗೊತ್ತಿತ್ತು. ಅಜ್ಜ ಹೊಸ್ತಿಲ ಕಡೆ ನೋಡಿದ.

"ಹುಡುಗ ಚಲೋ ಅದಾನ," ಎಂದ. "ನಮ್ಮ ಹುಡುಗಿಗೆ ಋಣ ಇದ್ದಿಲ್ಲ, ಅಷ್ಟ."

ಆ ರೈತ ಕೈ ಮುಗಿದು, ಹಗುರಾದ ಮುಖದಿಂದ ಎದ್ದು ಹೋದ. ಅತ್ತೆ ಅಂದಿನಿಂದ ಹಾಡುವುದು ನಿಲ್ಲಿಸಿದಳು.

ನಾನು ಹೈಸ್ಕೂಲಿಗೆ ಸೇರಿದ ವರ್ಷ, ಬಿಸಿಲು ಏರಿದ ಹೊತ್ತಿನಲ್ಲಿ ಯಾರೋ ಬಾಗಿಲನ್ನು ಕಾಲಿನಿಂದ ತಟ್ಟಿದರು. ಸಿಟ್ಟಿನಿಂದಲೇ ತೆರೆದೆ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿದ್ದ ಹುಡುಗಿ ನಿಂತಿದ್ದಳು. ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಹೆಸರು ನೀಲಮ್ಮ, ಬಂಡ್ರಿಯವಳು, ಸಂಡೂರಿನಿಂದ ಬಂದೆ, ಪಂಪಕ್ಕ ಇದ್ದಾರಾ ಎಂದಳು. ಅತ್ತೆ ಬಂದಳು. ಹಿಂದೆ ಅಜ್ಜಿ, ಅಜ್ಜ. ನೀಲಮ್ಮ ಸೆರಗು ಸರಿಸಿ ಕೈಗಳನ್ನು ಚಾಚಿದಳು. ಎರಡೂ ಅಂಗೈಗಳು ಬೆಂದು, ಮಾಯ್ದು, ಬೆರಳುಗಳು ಒಳಕ್ಕೆ ಮುರುಟಿಕೊಂಡಿದ್ದವು. ಬಾಗಿಲು ತಟ್ಟಲು ಅವಳಿಗೆ ಕೈಯೇ ಇರಲಿಲ್ಲ.

"ಒಂದು ಕೈ ಬಿಟ್ಟರ ಆಪತ್ತು ಅಂದನ್ರೀ ಅಂವ," ಎಂದಳು ನೀಲಮ್ಮ. "ಮೊದಲನೇಕಿಗೆ ಒಂದು ಕೈ ಬಿಟ್ಟಿದ್ದೆ, ಆಕಿ ನನ್ನ ಕೈ ಸುಟ್ಟಳು, ನಿನಗ ಆ ಧೈರ್ಯ ಬರಬಾರದು ಅಂದು ಎರಡೂ ಸುಟ್ಟ. ಅವತ್ತೇ ನನಗ ಗೊತ್ತಾಗಿದ್ದು, ನಿಮ್ಮ ಕಥಿ."

ನಾನು ಅತ್ತೆಯ ಹಿಂದೆ ಹೋಗಿ ನಿಂತೆ.

"ನಾನು ಅವನ ಕೈ ಸುಡಬಾರದಾಗಿತ್ತೇನವ್ವಾ?" ಎಂದು ಅತ್ತೆ ಕೇಳಿದಳು.

"ಅದು ನನಗ್ಯಾಕ್ರೀ? ಅದು ನಿಮ್ಮದು ಅವಂದು." ನೀಲಮ್ಮ ಅಜ್ಜನ ಕಡೆ ತಿರುಗಿದಳು. "ನಮ್ಮಪ್ಪ ಇಲ್ಲಿತನಕ ಬಂದಿದ್ನಲ್ಲ. ಚಲೋ ಅದಾನ ಅಂತ ಯಾಕ ಹೇಳಿದ್ರಿ? ಅದನ್ನ ಕೇಳಾಕ ಬಂದೀನಿ."

ಅಷ್ಟು ವರ್ಷ ಕಟ್ಟೆಯ ಮೇಲೆ ಕೂತು ಊರಿನ ಪ್ರಶ್ನೆಗಳಿಗೆ ಉತ್ತರ ಕೊಟ್ಟ ನಮ್ಮಜ್ಜ ಅವಳಿಂದ ಮುಖ ತಿರುಗಿಸಿ ಬಾಗಿಲ ಬಳಿಯೇ ಕೂತ. ಆಮೇಲೆ ಬಹಳ ಸಲ ಯೋಚಿಸಿದ್ದೇನೆ: ಅತ್ತೆ ಅವನ ಕೈ ಸುಡದಿದ್ದರೆ ಅಜ್ಜ ಆ ರೈತನಿಗೆ ನಿಜ ಹೇಳುತ್ತಿದ್ದನೇ? ಹೇಳುತ್ತಿದ್ದ ಎಂದೇ ನನ್ನ ಮನಸ್ಸು ಹೇಳುತ್ತದೆ. ನಾವು ಕೊಟ್ರೇಶನಿಂದ ನಮ್ಮ ಪಾಲನ್ನು ತೀರಿಸಿಕೊಂಡೆವು, ಆಮೇಲೆ ಅವನ ಗುಟ್ಟನ್ನು ನಮ್ಮ ಗುಟ್ಟಿನ ಜೊತೆಯೇ ಕಾಪಾಡಿದೆವು. ಅತ್ತೆಗೆ ನೆಮ್ಮದಿ ಕೊಟ್ಟ ಅದೇ ಕೆಲಸ ನೀಲಮ್ಮನ ಅಪ್ಪನ ಎದುರು ನಮ್ಮೆಲ್ಲರ ಬಾಯಿ ಹೊಲಿದಿತ್ತು.

ಅತ್ತೆ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು. ಎಲ್ಲಿಗೆ ಎಂದು ಅಜ್ಜಿ ಕೇಳಿದಳು.

"ಸಂಡೂರು ಠಾಣ್ಯಾಕ. ಈಕೀದೂ ಹೇಳ್ತೀನಿ, ನಂದೂ ಹೇಳ್ತೀನಿ."

"ನಿನ್ನ ಒಳಗ ಹಾಕ್ತಾರ ಲೇ!"

"ಹಾಕಲಿ."

ಅಜ್ಜ ಆಗ ಎದ್ದ. ಅಂಗಿ ತೊಟ್ಟು, ತಡಿ, ನಾನೂ ಬರ್ತೀನಿ ಎಂದ. ಮೂವರೂ ಬಸ್ ನಿಲ್ದಾಣದ ಕಡೆ ನಡೆದರು. ಅಜ್ಜ ಎಲ್ಲರಿಗಿಂತ ಹಿಂದೆ.

ಕೇಸು ವರ್ಷಗಟ್ಟಲೆ ಎಳೆಯಿತು. ಕೊಟ್ರೇಶನೂ ತನ್ನ ಕೈ ತೋರಿಸಿ ಅತ್ತೆಯ ಮೇಲೆ ದೂರು ಕೊಟ್ಟ. ಹೊಸಪೇಟೆಯ ಕೋರ್ಟಿಗೆ ನಾವು ಎಷ್ಟು ಸಲ ಹೋದೆವೋ. ಅಜ್ಜ ಸಾಕ್ಷಿ ಕಟಕಟೆಯಲ್ಲಿ ನಿಂತು, ಎಲ್ಲ ಗೊತ್ತಿದ್ದೂ ಸುಳ್ಳು ಹೇಳಿದೆ ಎಂದು, ಬಂಡ್ರಿಯ ಆ ರೈತ ಎದುರಿಗೇ ಕೂತಿರುವಾಗ ಹೇಳಿದ. ಅದಾದ ಮೇಲೆ ಅವನು ಕಟ್ಟೆಯ ಮೇಲೆ ಕೂರಲಿಲ್ಲ. ಜಗಳ ತಂದವರನ್ನು, ಬೇರೆ ಯಾರನ್ನಾದರೂ ಕೇಳ್ರಪಾ ಎಂದು ಕಳಿಸಿಬಿಡುತ್ತಿದ್ದ. ನಮ್ಮ ವಕೀಲರು ಅತ್ತೆಗೆ ಎಲ್ಲವನ್ನೂ ಅಲ್ಲಗಳೆಯಲು ಹೇಳಿಕೊಟ್ಟಿದ್ದರು. ಅವಳು ಕೇಳಲಿಲ್ಲ. ಮಾಡಿದ್ದು ನಿಜವೇ ಎಂದು ನ್ಯಾಯಾಧೀಶರು ಕೇಳಿದಾಗ, ಹೌದ್ರೀ, ಮಾಡೀನಿ ಎಂದಳು. ಪಶ್ಚಾತ್ತಾಪ ಇದೆಯೇ ಎಂದು ಕೇಳಿದರು.

"ಅವನ ಕೈ ಬಗ್ಗೆ ಇಲ್ರೀ. ಆಮ್ಯಾಲ ಬಾಯಿ ಮುಚ್ಚಿಕೊಂಡು ಕುಂತಿದ್ದಕ್ಕ ಐತ್ರೀ. ಭಾಳ ಐತಿ."

ಕೊನೆಗೆ ಕೊಟ್ರೇಶನಿಗೆ ಜೈಲಾಯಿತು. ಅತ್ತೆಯನ್ನು ತಪ್ಪಿತಸ್ಥಳೆಂದೇ ಬರೆದು, ಎಚ್ಚರಿಕೆ ಕೊಟ್ಟು, ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಗೆದ್ದೆವು ಎಂದು ಯಾರಿಗೂ ಅನ್ನಿಸಲಿಲ್ಲ.

ತೀರ್ಪಿನ ದಿನ ಹೊರಗೆ ಬಂದಾಗ ಹಸಿವಾಗಿತ್ತು. ಅಜ್ಜನೂ ನೀಲಮ್ಮನ ಅಪ್ಪನೂ ವಕೀಲರ ಹತ್ತಿರ ನಿಂತಿದ್ದರು. ಅತ್ತೆ, ನೀಲಮ್ಮ, ನಾನು ಎದುರಿನ ಖಾನಾವಳಿಗೆ ಹೋದೆವು. ಮಧ್ಯಾಹ್ನದ ಗದ್ದಲ, ತಾಟುಗಳ ಸದ್ದು, ಸಾರಿನ ವಾಸನೆ. ನೀಲಮ್ಮ ಮುರುಟಿದ ಬೆರಳುಗಳಲ್ಲಿ ಚಮಚ ಸಿಗಿಸಿಕೊಳ್ಳಲು ನೋಡಿದಳು, ಅದು ಜಾರಿ ನೆಲಕ್ಕೆ ಬಿತ್ತು. ಅತ್ತೆ ತನ್ನ ತಾಟನ್ನು ಬದಿಗೆ ಸರಿಸಿ, ಅವಳ ತಾಟಿನ ಅನ್ನ ಕಲಸಿ, ತುತ್ತು ಮಾಡಿ ಅವಳ ಬಾಯಿಗಿಟ್ಟಳು. ಪಕ್ಕದ ಮೇಜಿನವರು ಉಣ್ಣುವುದು ಬಿಟ್ಟು ನೋಡುತ್ತಿದ್ದರು. ನೀಲಮ್ಮ ಅದನ್ನು ಅಗಿದು ನುಂಗಿದಳು, ಅತ್ತೆಯ ಮುಖವನ್ನೇ ನೋಡುತ್ತ ಹೇಳಿದಳು:

"ನನಗ ನಿಮ್ಮ ಮ್ಯಾಲ ಇನ್ನೂ ಸಿಟ್ಟೈತಕ್ಕಾ."

"ಇರಲಿ," ಎಂದಳು ಅತ್ತೆ. "ಉಣ್ಣು."

ಇನ್ನೊಂದು ತುತ್ತನ್ನು ಎತ್ತಿ ಹಿಡಿದಳು. ನೀಲಮ್ಮ ಬಾಯಿ ತೆರೆದಳು.